ಕೂಗಳತೆಯ ನೆರೆ

ಅಘನಾಶಿನಿಯ ನೀರನ್ನು ವೇದಾವತಿ ನದಿಗೆ ತಿರುಗಿಸುವ ಯೋಜನೆಯ ವಿರುದ್ಧ ನಮ್ಮ ಕಡೆ ಊರೂರಲ್ಲಿ ಸಭೆ ಶುರುವಾಗಿದ್ದ ಹೊತ್ತು. ಒಂದು ಸಂಜೆ ಶಾಲೆಯ ಅಂಗಳದಲ್ಲಿ ನನಗೂ ಎರಡು ಮಾತಾಡಿ ಅಂದರು. ತಯಾರಿ ಮಾಡಿಕೊಂಡು ಹೋದವನಲ್ಲ, ಆದರೆ ಮನಸ್ಸಿಟ್ಟೇ ಹೇಳಿದೆ. ಶಿರಸಿಯ ಬುಡದಲ್ಲಿ ಹುಟ್ಟಿ ತದಡಿಯಲ್ಲಿ ಕಡಲು ಸೇರುವವರೆಗೆ ಸುಮಾರು 117 ಕಿಲೋಮೀಟರು ಹರಿಯುವ ಈ ಹೊಳೆಗೆ ಎಲ್ಲೂ ಒಂದು ಅಣೆಕಟ್ಟು ಬಿದ್ದಿಲ್ಲ, ಉಂಚಳ್ಳಿಯಲ್ಲಿ ಅದು ಧುಮುಕುವುದು ಯಾರ ಅಪ್ಪಣೆಯನ್ನೂ ಕೇಳಿ ಅಲ್ಲ, ಕೆಳಗೆ ಅಳಿವೆಯಲ್ಲಿ ಉಪ್ಪು ನೀರಿನ ಗಜನಿಯಲ್ಲಿ ಕಗ್ಗ ಭತ್ತ ಬೆಳೆಯುವವರೂ ಬಳಚು ಆರಿಸುವ ಹೆಂಗಸರೂ ಇಲ್ಲಿ ಮೇಲಿರುವ ನಾವೂ ಕುಡಿಯುವುದು ಒಂದೇ ನೀರಿನ ಋಣ ಎಂದೆಲ್ಲ ಹೇಳಿ, ಕೊನೆಗೆ, "ಈ ಕೊಳ್ಳದ ಜನ ತಲೆತಲಾಂತರದಿಂದ ಒಂದೇ ಮನೆಯವರ ಹಾಗೆ ಬದುಕಿದ್ದೇವೆ" ಎಂದೆ. ಚಪ್ಪಾಳೆ ಬಿತ್ತು. ಕೂತಾಗ ಎದೆ ತುಂಬಿತ್ತು.

ವಾಪಸು ಬರುವಾಗ ಆಚೆಮನೆಯ ಅಣ್ಣ ಜೊತೆಗಿದ್ದ. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಹಳ್ಳ, ಎರಡು ಗದ್ದೆ ಬಯಲು. ಹಳ್ಳದ ಹತ್ತಿರ ದಾರಿ ಕವಲೊಡೆಯುವಲ್ಲಿ ಅವನು ಟಾರ್ಚು ಆರಿಸಿ ಒಂದು ಗಳಿಗೆ ನಿಂತ. "ಚಲೋ ಮಾತಾಡಿದ್ರಿ ಹೆಗಡೇರೆ. ಒಂದೇ ಮನೆಯೋರು ಅಂದ್ರಲ್ಲ, ಅದೊಂದು ನಂಗೆ ಹಿಡಿಸಲಿಲ್ಲ. ನಿಮ್ಮನೆ ಒಳಗೆ ನಾ ಮೊದಲು ಕಾಲಿಟ್ಟದ್ದು ವೈರಿಂಗ್ ಮಾಡೂಕೆ ಬಂದಾಗ. ಆಗ ನಂಗೆ ಮೂವತ್ತೆಂಟು ವರ್ಷ." ದನಿಯಲ್ಲಿ ದೂರು ಇರಲಿಲ್ಲ. ನಾಳೆ ಮಳೆ ಬರಬಹುದು ಅನ್ನುವ ಹಾಗೆ ಹೇಳಿ, ಟಾರ್ಚು ಹಾಕಿಕೊಂಡು ಇಳಿದು ಹೋದ. ಅವತ್ತಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ.

ಕೂ

ಘಟ್ಟದ ಅಂಚಿನ ಸಿದ್ದಾಪುರ ಸೀಮೆಯಲ್ಲಿ ಊರು ಅಂದರೆ ಬೀದಿ, ಸಾಲುಮನೆ ಅಲ್ಲ. ಒಂದು ಕೊಳ್ಳ, ಅದರ ತಳದಲ್ಲಿ ಅಡಿಕೆ ತೋಟ, ಅದರ ಅಂಚಿಗೆ ಗದ್ದೆ, ಮೇಲೆ ಬೇಣ ಅನ್ನುವ ಹುಲ್ಲುಗಾವಲು, ಅದಕ್ಕೂ ಮೇಲೆ ಸೊಪ್ಪಿನ ಬೆಟ್ಟ, ಆಮೇಲೆ ಕಾನು, ಅಂದರೆ ದಟ್ಟ ಕಾಡು. ಈ ದಡದಲ್ಲಿ ಒಂದು ಮನೆ, ಆ ದಡದಲ್ಲಿ ಎರಡು, ದಿಂಬದ ಮೇಲೆ ಇನ್ನೊಂದು. ನಮ್ಮ ಕೊಳ್ಳದಲ್ಲಿ ತೋಟದ ಬದಿಗೆ ಹವ್ಯಕರಾದ ನಾವು, ಗದ್ದೆಯ ಬದಿಗೆ ಆಚೆಮನೆಯವರಂಥ ದೀವರು, ಮೇಲೆ ಕಾನಿನ ಸೆರಗಿಗೆ ಕರೆಒಕ್ಕಲಿಗರ ಎರಡು ಮನೆ. ಹೊಳೆಯ ಗುಂಟ ಘಟ್ಟ ಇಳಿದರೆ ಹಾಲಕ್ಕಿಗಳು, ಇನ್ನೂ ಕೆಳಗೆ ಅಂಬಿಗರು, ಹರಿಕಂತ್ರರು. ಇಷ್ಟು ಗಿಡ್ಡ ಹೊಳೆಯ ಮೈಮೇಲೆ ಎತ್ತರಕ್ಕೊಂದು ಜನ, ಜನಕ್ಕೊಂದು ಕಸುಬು. ಯಾರು ಎಲ್ಲಿ ಕೂತಿದ್ದಾರೆ ಎಂಬುದನ್ನು ನೋಡಿದರೆ ನೀರು ಯಾರ ಕೈಗೆ ಮೊದಲು ಸಿಗುತ್ತದೆ ಎಂಬುದು ಗೊತ್ತಾಗುತ್ತದೆ. ಚಿಕ್ಕಂದಿನಲ್ಲಿ ಇದನ್ನೆಲ್ಲ ಗುಡ್ಡ, ಮರಗಳ ಹಾಗೆ ಮೊದಲಿನಿಂದಲೂ ಇದ್ದದ್ದು ಅಂದುಕೊಂಡಿದ್ದೆ.

ಇಂಥ ಜಾಗದಲ್ಲಿ ದೂರಕ್ಕೆ ಅಳತೆ ಕೂಗು. "ಅವರ ಮನೆ ಕೂಗಳತೆಯಲ್ಲಿದೆ" ಅಂದರೆ ಸಾಕು, ಎಲ್ಲರಿಗೂ ತಿಳಿಯುತ್ತಿತ್ತು. ಕೈಯೆರಡನ್ನೂ ಬಾಯಿಗೆ ಬಟ್ಟಲು ಮಾಡಿ ಕೂ ಹಾಕಿದರೆ ಅದು ಗದ್ದೆ ಬಯಲು ದಾಟಿ, ಎದುರು ಬೆಟ್ಟಕ್ಕೆ ಬಡಿದು, ಸ್ವಲ್ಪ ದಪ್ಪಗಾಗಿ ತಿರುಗಿ ಬರುತ್ತಿತ್ತು. ಉದ್ದದ ಒಂದು ಕೂ ಹಾಕಿದರೆ ಕೆಲಸಕ್ಕೆ ಬರುತ್ತೀರಾ ಅಂತ. ಗಿಡ್ಡದು ಎರಡಾದರೆ ದನ ಈಚೆ ಬಂದಿದೆ ಅಂತ. ಬಿಡದೆ ಹಾಕುತ್ತ ಹೋದರೆ ಏನೋ ಆಗಿದೆ, ಕೈಯಲ್ಲಿದ್ದದ್ದು ಬಿಟ್ಟು ಬನ್ನಿ ಅಂತ. ಯಾರ ಗಂಟಲು ಎಂದು ಗುರುತು ಹಿಡಿಯಲು ಮುಖ ಕಾಣಬೇಕಾಗಿರಲಿಲ್ಲ. ಆಚೆಮನೆಯ ಅಣ್ಣನ ಅಪ್ಪನ ಕೂಗಿಗೆ ಕೊನೆಯಲ್ಲಿ ಒಂದು ಸಣ್ಣ ಬಿರುಕು ಇತ್ತು. ಈಗಲೂ ಕಣ್ಣು ಮುಚ್ಚಿದರೆ ನನಗೆ ಕೇಳಿಸುತ್ತದೆ.

ಆ ದನಿಯನ್ನು ಇಷ್ಟು ಚೆನ್ನಾಗಿ ಬಲ್ಲ ನನಗೆ ಅವರ ಮನೆಯ ಒಳಗೆ ಎಷ್ಟು ಕೋಣೆ ಎಂದು ಗೊತ್ತಿರಲಿಲ್ಲ. ಅವನ ಮಾತು ಕೇಳಿದ ರಾತ್ರಿ ಮಲಗಿದಾಗ ಹೊಳೆದದ್ದು ಇದು. ಐವತ್ತು ದಾಟಿದ್ದೇನೆ. ಅವರ ಜಗಲಿಯಲ್ಲಿ ಎಷ್ಟೋ ಸಲ ನಿಂತಿದ್ದೇನೆ, ಕೂತಿದ್ದೇನೆ, ಒಳಗೆ ಹೋಗಿಲ್ಲ. ಅವರು ಕರೆಯಲಿಲ್ಲ ಅಂತಲ್ಲ. ಕರೆದರೆ ನಮಗೆ ಇಕ್ಕಟ್ಟಾಗುತ್ತದೆ ಎಂದು ಅವರೇ ಕರೆಯುವುದನ್ನು ಬಿಟ್ಟಿದ್ದರು.

ಸಂಕ

ಹಳ್ಳಕ್ಕೆ ಈಗ ಕಾಂಕ್ರೀಟಿನ ಕಾಲುಸೇತುವೆ ಇದೆ. ಮೊದಲು ಇದ್ದದ್ದು ಸಂಕ. ಮೂರು ಸಾವಿರ ಮಿಲಿಮೀಟರು ದಾಟುವ ಮಳೆಯ ಸೀಮೆ ಇದು, ಜೂನ್ ಕಳೆದರೆ ಹಳ್ಳ ಇಳಿದು ದಾಟುವ ಮಾತೇ ಇಲ್ಲ. ರೋಹಿಣಿ ಮಳೆಯ ಹೊತ್ತಿಗೆ, ಅಗೇಡಿಗೆ ಬೀಜ ಬೀಳುವ ದಿನಗಳಲ್ಲಿ, ಎರಡೂ ದಡದವರು ಸೇರಿ ಸಂಕ ಹಾಕುತ್ತಿದ್ದರು. ಫಲ ಕಳೆದುಕೊಂಡ ಉದ್ದನೆಯ ಅಡಿಕೆ ಮರ ನಾಲ್ಕು, ಆಚೆಯ ಬಂಡೆಯಿಂದ ಈಚೆಯ ಹೊಳೆದಾಸವಾಳದಂಥ ಒಂದು ಮರದ ಬುಡಕ್ಕೆ. ಮೇಲೆ ಅಡ್ಡಡ್ಡಕ್ಕೆ ದಬ್ಬೆ. ಕೈತಾಂಗಿಗೆ ಬಿದಿರು. ಕಟ್ಟಲು ಮೊದಲು ಬಳ್ಳಿ, ನಾನು ಕಾಣುವ ಹೊತ್ತಿಗೆ ತಂತಿ. ಒದ್ದೆ ಅಡಿಕೆ ಮರ ಜಾರುತ್ತದೆ ಎಂದು ಕತ್ತಿಯಿಂದ ಅಲ್ಲಲ್ಲಿ ಕಚ್ಚು ಹಾಕುತ್ತಿದ್ದರು, ಬರಿಗಾಲ ಹೆಬ್ಬೆರಳು ಸರಿಯಾಗಿ ಆ ಕಚ್ಚಿಗೆ ಕೂರುತ್ತಿತ್ತು. ಮರ ನಮ್ಮ ತೋಟದ್ದು, ಹೆಗಲು ಅವರದ್ದು. ಕೆಲಸ ಮುಗಿದ ಮೇಲೆ ನಮ್ಮ ಅಂಗಳದಲ್ಲಿ ಎಲ್ಲರಿಗೂ ಅವಲಕ್ಕಿ, ಬೆಲ್ಲ, ಚಾ. ಚಾ ಕುಡಿದ ಲೋಟಗಳನ್ನು ಅವರು ಅಬ್ಬಿ ನೀರಿಗೆ ಹಿಡಿದು ತೊಳೆದು ಜಗಲಿ ಕಟ್ಟೆಯ ಮೂಲೆಯಲ್ಲಿ ಬೋರಲು ಹಾಕಿ ಹೋಗುತ್ತಿದ್ದರು. ಆ ಲೋಟಗಳು ಒಳಗೆ ಬರುತ್ತಿರಲಿಲ್ಲ, ಅಲ್ಲೇ ಗೋಡೆಯ ಗೂಡಿನಲ್ಲಿ ಇರುತ್ತಿದ್ದವು.

1974ರ ಮಾರ್ಚ್ 1ರಿಂದ ಉಳುವವನೇ ಒಡೆಯ ಎಂದಾದಾಗ ಆಚೆಮನೆಯವರು ನಮ್ಮ ಗೇಣಿಯ ಎರಡು ಗದ್ದೆಗಳಿಗೆ ಡಿಕ್ಲರೇಷನ್, ಅಂದರೆ ಉಳುವವರು ತಾವೆಂಬ ಹಕ್ಕಿನ ಅರ್ಜಿ, ಕೊಟ್ಟರು. ಪಕ್ಕದ ಸಾಗರ ಸೀಮೆಯಲ್ಲಿ, ಕಾಗೋಡಿನಲ್ಲಿ, ಗೇಣಿ ಅಳೆಯುವ ಕೊಳಗದ ತಕರಾರಿನಿಂದ ಶುರುವಾಗಿ 1951ರಲ್ಲಿ ದೀವರ ಗೇಣಿದಾರರು ಸತ್ಯಾಗ್ರಹ ಮಾಡಿದ್ದು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಎಲ್ಲರಿಗೂ ಗೊತ್ತು. ಆಗ ಅದು ಮೈಸೂರು ರಾಜ್ಯ, ನಾವು ಮುಂಬೈ ರಾಜ್ಯ; ಆದರೆ ಸುದ್ದಿಗೆ ಗಡಿ ಇರಲಿಲ್ಲ. ಇಪ್ಪತ್ತಮೂರು ವರ್ಷದ ಮೇಲೆ ಅದು ನಮ್ಮ ಅಂಗಳಕ್ಕೂ ಕಾಯಿದೆಯಾಗಿ ಬಂತು. ಗದ್ದೆ ಅವರಿಗೆ ಆಯಿತು. ನನ್ನ ಅಜ್ಜ ಆಮೇಲೆ ಆಚೆಮನೆಯ ಹಿರಿಯನ ಜೊತೆ ಮಾತು ಬಿಟ್ಟ. ಎದುರು ಸಿಕ್ಕರೂ ಇಲ್ಲ, ಕೂ ಹಾಕಿದರೂ ಓಗೊಡಲಿಲ್ಲ. ಆ ವರ್ಷಗಳಲ್ಲಿ ಕೂಡ ರೋಹಿಣಿಗೆ ಸಂಕ ಬಿತ್ತು. ಅಜ್ಜ ಬೆಳಿಗ್ಗೆ ಬೇಗ ಹೋಗಿ ನಾಲ್ಕು ಅಡಿಕೆ ಮರ ಕಡಿಸಿ ಹಳ್ಳದ ದಡಕ್ಕೆ ಹಾಕಿಸಿ ಬರುತ್ತಿದ್ದನಂತೆ. ಮಧ್ಯಾಹ್ನದ ಮೇಲೆ ಅವರು ಬಂದು ಕೂರಿಸಿ ಕಟ್ಟಿ ಹೋಗುತ್ತಿದ್ದರಂತೆ. ಒಂದು ಮಾತಿಲ್ಲ, ಚಾ ಇಲ್ಲ. ಹಳ್ಳ ಮಾತ್ರ ಇಬ್ಬರ ನಡುವೆ.

ಈಗ ನಾನು ನೂರು ಸಲ ಹೇಳಿರುವ ಕತೆಗೆ ಬರುತ್ತೇನೆ. 1982ರ ಜುಲೈ, ನನಗೆ ಒಂಬತ್ತು. ಅಪ್ಪನಿಗೆ ಹೊಟ್ಟೆನೋವು ಬಂದು ಎರಡು ದಿನವಾಗಿತ್ತು. ಕಷಾಯ, ಶಾಖ, ಹರಕೆ ಎಲ್ಲ ಆಗಿ ಮೂರನೆಯ ರಾತ್ರಿ ಅವನು ಕಿರುಚುವುದನ್ನೂ ನಿಲ್ಲಿಸಿ ಬೆಕ್ಕಿನ ಮರಿಯಂತೆ ಮುಲುಗತೊಡಗಿದ. ಹೊರಗೆ ಪುನರ್ವಸು ಮಳೆ. ರಸ್ತೆ ಇದ್ದದ್ದು ಹಳ್ಳದ ಆಚೆ, ಅವರ ಮನೆಯ ಹಿಂದಿನ ಗುಡ್ಡ ಹತ್ತಿ ಮೂರು ಮೈಲಿ. ಅಜ್ಜ ಜಗಲಿಯ ಕಂಬ ಹಿಡಿದು ಕೂತೇ ಇದ್ದ. ಅಜ್ಜಿ ಕಂಬಳಿಕೊಪ್ಪೆ ಹಾಕಿಕೊಂಡು ಅಂಗಳದ ತುದಿಗೆ ಹೋಗಿ ನಿಂತು ಕೂ ಹಾಕಿದಳು. ಆ ಮಳೆಯಲ್ಲಿ ಅದು ತೋಟದ ಅಂಚಿಗೂ ಮುಟ್ಟಿರಲಿಕ್ಕಿಲ್ಲ ಅನಿಸಿತ್ತು ನನಗೆ. ಬಿಡದೆ ಹಾಕಿದಳು. ಎಷ್ಟು ಹೊತ್ತೋ. ಕೊನೆಗೆ ಆಚೆಯಿಂದ ಬಂತು, ತುದಿಯಲ್ಲಿ ಬಿರುಕಿರುವ ಆ ಕೂ. ಎಂಟು ವರ್ಷದ ಮೇಲೆ. ಸ್ವಲ್ಪ ಹೊತ್ತಿಗೆ ಗದ್ದೆಯ ಹಾಳಿಯ ಮೇಲೆ ಒಂದು ಲಾಟೀನು ಓಲಾಡುತ್ತ ಬರುವುದು ಕಂಡಿತು. ನಾಲ್ಕು ಜನ ಗಂಡಸರು, ಲಾಟೀನು ಹಿಡಿದ ಹದಿನೈದರ ಹುಡುಗ. ಹಳ್ಳ ಸಂಕದ ಮೇಲೆ ಹಾಯುತ್ತಿತ್ತು, ಮೊಣಕಾಲ ನೀರಿನಲ್ಲಿ ಹೆಬ್ಬೆರಳಿನಿಂದ ಕಚ್ಚು ತಡವಿ ದಾಟಿದ್ದರು. ಕಂಬಳಿಯನ್ನು ಬಿದಿರಿಗೆ ಕಟ್ಟಿ ಜೋಲಿ ಮಾಡಿ ಅಪ್ಪನನ್ನು ಮಲಗಿಸಿ, ಅದೇ ಸಂಕದ ಮೇಲೆ ಮರಳಿ ದಾಟಿಸಿ, ಗುಡ್ಡ ಹತ್ತಿಸಿ, ಬೆಳಗಿನ ಜಾವ ಒಂದು ಲಾರಿ ಹಿಡಿದು ಆಸ್ಪತ್ರೆಗೆ ಮುಟ್ಟಿಸಿದರು. ಅಪೆಂಡಿಕ್ಸ್. ಇನ್ನೆರಡು ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ ಡಾಕ್ಟರು. ಅಪ್ಪ ಆಮೇಲೆ ಮೂವತ್ತು ವರ್ಷ ಬದುಕಿದ. ಕನ್ನಡದಲ್ಲಿ ಉಕ್ಕುವ ನೀರಿಗೂ ನೆರೆ, ಪಕ್ಕದ ಮನೆಗೂ ನೆರೆ. ಈ ಕತೆ ಹೇಳುವಾಗೆಲ್ಲ ನಾನು ಆ ಮಾತಿನ ಮೇಲೆ ಮುಗಿಸುತ್ತಿದ್ದೆ.

ಲಾಟೀನು ಹಿಡಿದ ಹುಡುಗ, ಸಭೆಯಿಂದ ನನ್ನ ಜೊತೆ ನಡೆದು ಬಂದ ಅಣ್ಣ.

ಅವನ ಮಾತು ಕೇಳಿದ ಮೇಲೆ ಆ ರಾತ್ರಿಯನ್ನು ಇನ್ನೊಮ್ಮೆ ಮೊದಲಿನಿಂದ ನೆನೆಯುತ್ತ ಹೋದೆ. ಒಂದು ಚಿತ್ರ, ಅಷ್ಟು ವರ್ಷ ಕಣ್ಣೆದುರೇ ಇದ್ದದ್ದು, ಈಗ ಎದ್ದು ಬಂತು. ಅಪ್ಪ ಮಲಗಿದ್ದದ್ದು ಒಳಗೆ, ನಡುಮನೆಯ ಆಚೆಯ ಕತ್ತಲೆ ಕೋಣೆಯಲ್ಲಿ. ಆ ನಾಲ್ವರು ಬಂದು ನಿಂತದ್ದು ಜಗಲಿಯಲ್ಲಿ. ಒಳಗಿಂದ ಅಪ್ಪನನ್ನು ಎಳೆದು ತಂದದ್ದು ಆಯಿ, ಅಜ್ಜಿ, ದೊಡ್ಡಾಯಿ. ಅವನನ್ನು ಕಂಬಳಿಯ ಮೇಲೆ ಉರುಳಿಸಿ, ತಲೆಯ ಕಡೆ ಇಬ್ಬರು, ಕಾಲ ಕಡೆ ಒಬ್ಬಳು, ಹೊಸಿಲಿಗೆ ಸೊಂಟ ಬಡಿದಾಗ ಅವನು ಕೂಗಿದ್ದು ನನಗೆ ನೆನಪಿದೆ. ಆಯಿಯ ಕೈ ಸೋತು ಒಮ್ಮೆ ಕೆಳಗಿಟ್ಟಳು. ಕಲ್ಲು ಹೊರುವ ತೋಳಿನ ನಾಲ್ಕು ಜನ ಗಂಡಸರು ಆರು ಹೆಜ್ಜೆ ಆಚೆ, ಮೈಯಿಂದ ನೀರು ಇಳಿಸುತ್ತ, ಕೈ ಕಟ್ಟಿಕೊಂಡು ಕಾಯುತ್ತಿದ್ದರು. ಬನ್ನಿ ಎಂದು ಯಾರೂ ಹೇಳಲಿಲ್ಲ. ಬರಲೇ ಎಂದು ಅವರೂ ಕೇಳಲಿಲ್ಲ. ಅಜ್ಜ ನೋಡುತ್ತ ಕೂತಿದ್ದ. ಅಪ್ಪನ ಜೀವಕ್ಕಿಂತ ದೊಡ್ಡದಾದ ಏನೋ ಒಂದು ಆ ಹೊಸಿಲ ಮೇಲೆ ಕೂತಿತ್ತು, ಅದನ್ನು ದಾಟಿಸಿ ಅಪ್ಪನನ್ನು ಹೊರಗೆ ತಂದದ್ದು ಹೆಂಗಸರ ಸೋತ ಕೈಗಳು.

ನಾನು ಹೇಳುತ್ತಿದ್ದ ಕತೆ ಸುಳ್ಳಲ್ಲ. ಅವರು ಬಂದದ್ದು ನಿಜ, ಅಪ್ಪ ಉಳಿದದ್ದು ನಿಜ. ಆದರೆ ನಾನದನ್ನು ಯಾವಾಗಲೂ ಒಳಗಿನಿಂದ ಹೊರಗೆ ನೋಡುತ್ತ ಹೇಳುತ್ತಿದ್ದೆ. ಲಾಟೀನು ಹಿಡಿದು ಜಗಲಿಯಲ್ಲಿ ನಿಂತ ಹುಡುಗನಿಗೆ ಕಂಡದ್ದು ಬೇರೆಯೇ ಇರಬೇಕು.

ಎಪ್ಪತ್ತೈದು ವರ್ಷ

ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದ ಸಂಗತಿ ಇನ್ನೊಂದಿದೆ.

ಬ್ರಿಟಿಷರ ಕಾಲದಿಂದ ನಮ್ಮ ಜಿಲ್ಲೆಯ ತೋಟಿಗರಿಗೆ ಸೊಪ್ಪಿನ ಬೆಟ್ಟದ ಸವಲತ್ತು ಇದೆ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 8–9 ಎಕರೆ ಬೆಟ್ಟ. ಮಳೆಗಾಲದಲ್ಲಿ ಕೊಟ್ಟಿಗೆಗೆ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು, ಅಂದರೆ ಉದುರಿದ ಒಣ ಎಲೆ, ಆಮೇಲೆ ಅದೇ ಗೊಬ್ಬರವಾಗಿ ತೋಟಕ್ಕೆ. ಹೊರೆ ಹೊರೆ ಸೊಪ್ಪು ಕಡಿದು ತಂದವರು ಯಾರು? ಆಚೆಮನೆಯವರು, ಮೇಲಿನ ಒಕ್ಕಲಿಗರು. 2024ರ ಬೇಸಿಗೆಯಲ್ಲಿ ತಾಲೂಕಿನಲ್ಲಿ ಮಂಗನ ಕಾಯಿಲೆ ಜೋರಾದಾಗಲೂ ಮೊದಲು ಹೆದರಬೇಕಾದವರು ಬೆಟ್ಟಕ್ಕೆ ಕಾಲಿಡುವ ಈ ಜನವೇ, ಆ ರೋಗ ಹರಡುವ ಉಣುಗು ಕಚ್ಚುವುದು ದರಕು ಗುಡಿಸುವವರಿಗೆ. ಬೆಟ್ಟ ನಮ್ಮ ತೋಟಕ್ಕೆ ಸೇರಿದ್ದು ಎಂದು ಕಾಗದದಲ್ಲಿದೆ. ಅದೇ ಬೆಟ್ಟದ ಕೆಳಸೆರಗಿನಲ್ಲಿ ಆಚೆಮನೆಯವರ ಮನೆ ನಿಂತ ಜಾಗ, ಅರ್ಧ ಎಕರೆ ಹಕ್ಕಲು, ಬಾಳೆ, ನಾಲ್ಕು ತೆಂಗು ಇದೆ. ಕಾಗದದಲ್ಲಿ ಅದರ ಹೆಸರು ಅತಿಕ್ರಮಣ.

2006ರಲ್ಲಿ ಅರಣ್ಯ ಹಕ್ಕು ಕಾಯಿದೆ ಬಂದಾಗ ಅವರೂ ಅರ್ಜಿ ಹಾಕಿದರು. ಬುಡಕಟ್ಟಿನ ಪಟ್ಟಿಯಲ್ಲಿ ಇಲ್ಲದವರು 2005ರ ಡಿಸೆಂಬರ್ 13ಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದು ಕಾಡನ್ನು ನೆಚ್ಚಿ ಬದುಕಿದವರೆಂದು ತೋರಿಸಬೇಕು. ಲೆಕ್ಕ ಹಾಕಿದರೆ 1930. ಆ ಇಸವಿ ನಮ್ಮ ತಾಲೂಕಿಗೆ ಹೊಸದಲ್ಲ. ಕರನಿರಾಕರಣೆಯ ಕಾಲ ಅದು, ಸಿದ್ದಾಪುರ, ಅಂಕೋಲೆಗಳಲ್ಲಿ ಸರಕಾರ ಜಮೀನು ಜಪ್ತಿ ಮಾಡಿತು. ಯಾರ ಗದ್ದೆ, ಯಾರ ತೋಟ ಹೋಯಿತು ಎಂಬುದಕ್ಕೆ ದಾಖಲೆ ಇದೆ, ಅವರಿಗೆ ಗೌರವವೂ ಇದೆ. ಆದರೆ ಜಪ್ತಿಯಾಗಲಿಕ್ಕೂ ಹೆಸರಲ್ಲಿ ಭೂಮಿ ಇರಬೇಕಲ್ಲ. ಗೇಣಿದಾರನ ಹೆಸರು ಆ ಕಾಲದ ಯಾವ ಕಾಗದದಲ್ಲಿ ಸಿಗಬೇಕು?

ನಿಯಮದಲ್ಲಿ ಒಂದು ದಾರಿ ಇದೆ: ಊರಿನ ಹಿರಿಯರ ಹೇಳಿಕೆಯನ್ನೂ ಪುರಾವೆಯೆಂದು ಒಪ್ಪಬಹುದು. ಆಚೆಮನೆಯ ಅಣ್ಣ ನಮ್ಮ ದೊಡ್ಡಾಯಿಯ ಹತ್ತಿರ ಬಂದ. ಅವಳಿಗೆ ಆಗ ಎಪ್ಪತ್ತೇಳು, ಈ ಮನೆಗೆ ಮದುವೆಯಾಗಿ ಬಂದದ್ದು 1948ರಲ್ಲಿ. ಬರೆದುಕೊಳ್ಳಲು ಕೂತವನು ನಾನು. ಅವಳು ಹೇಳಿದಳು: "ಆನು ಬಂದ ದಿನ ಸಂಜೆನೇ ಆಚೆಮನೆ ಕೂ ಕೇಳಿದ್ದಿ. ನಮ್ಮ ಅತ್ತೆ ಬಂದಾಗ್ಲೂ ಅವು ಇಲ್ಲೇ ಇದ್ದಿದ್ವಡ." ಕೂ ಕೇಳಿದ್ದನ್ನು ಅರ್ಜಿಯಲ್ಲಿ ಹೇಗೆ ಬರೆಯುವುದು? "ಸದರಿ ಕುಟುಂಬದವರು ಹಿಂದಿನಿಂದಲೂ ವಾಸವಾಗಿರುವುದನ್ನು ಬಲ್ಲೆ" ಎಂದು ಬರೆದೆ. ದೊಡ್ಡಾಯಿ ಸಹಿ ಹಾಕಿದಳು. ಎರಡು ವರ್ಷದ ಮೇಲೆ ಉತ್ತರ ಬಂತು, ದಾಖಲೆ ಸಾಲದು. 1930ನ್ನು ಕಣ್ಣಾರೆ ಕಂಡು ನೆನಪಿಟ್ಟವರು ಕೊಳ್ಳದಲ್ಲಿ ಒಬ್ಬರೂ ಉಳಿದಿರಲಿಲ್ಲ.

ಆದರೆ ಒಂದು ದಾಖಲೆ ಇತ್ತು. ಅಜ್ಜನ ಅಪ್ಪನ ಕಾಲದಿಂದ ಬಂದ ಗೇಣಿ ಲೆಕ್ಕದ ಪುಸ್ತಕ. ಕೆಂಪು ಬಟ್ಟೆಯ ರಟ್ಟು, ಉದ್ದುದ್ದ ಹಾಳೆ, ಪ್ರತಿ ವರ್ಷ ಯಾವ ಮನೆಯಿಂದ ಎಷ್ಟು ಕೊಳಗ ಬಂತು, ಎಷ್ಟು ಬಾಕಿ, ಹೆಸರು ಸಮೇತ. ಆಚೆಮನೆಯ ಹಿರಿಯನ, ಅವನ ಅಪ್ಪನ ಹೆಸರು ಅದರಲ್ಲಿ ಇದ್ದೇ ಇತ್ತು. ಡಿಕ್ಲರೇಷನ್ ಕೊಟ್ಟ ಸುದ್ದಿ ಬಂದ ವಾರ ಅದು ಬಚ್ಚಲ ಒಲೆಗೆ ಹೋಯಿತು. ಅಜ್ಜಿ ಸಾಯುವ ಹಿಂದಿನ ವರ್ಷ ನನ್ನ ಹತ್ತಿರ ಹೇಳಿದ್ದಳು, ಯಾವುದೋ ಮಾತಿನ ನಡುವೆ, ಅಂದು ಸ್ನಾನಕ್ಕೆ ನೀರು ಬೇಗ ಕಾದಿತ್ತು ಎಂದು. ಸುಟ್ಟು ಅಜ್ಜನಿಗೇನೂ ಸಿಗಲಿಲ್ಲ, ಗದ್ದೆ ಸಾಕ್ಷಿಯ ಮೇಲೆಯೇ ಅವರಿಗೆ ಆಯಿತು, ಆಗಬೇಕಾದದ್ದೇ ಆಯಿತು. ಪುಸ್ತಕ ಇಲ್ಲದ್ದು ಕಚ್ಚಿದ್ದು ಮೂವತ್ತೈದು ವರ್ಷ ಕಳೆದ ಮೇಲೆ, ಅವರ ಮನೆಯಡಿಯ ನೆಲಕ್ಕೆ. ದೊಡ್ಡಾಯಿಯ ಹೇಳಿಕೆ ಬರೆದುಕೊಳ್ಳುವಾಗ ನನಗೆ ಇದು ಗೊತ್ತಿತ್ತು. ಅಣ್ಣ ಎದುರಿಗೇ, ಜಗಲಿಯ ತುದಿಯಲ್ಲಿ ಕೂತಿದ್ದ. ನಾನು ಹೇಳಲಿಲ್ಲ.

ಸಭೆಯಾದ ಹದಿನೈದು ದಿನಕ್ಕೆ ಹೇಳಿದೆ. ಅವರ ಗದ್ದೆಯ ಹಾಳಿಯ ಮೇಲೆ ನಿಂತು, ಮೊದಲು ಆ ಮಳೆಯ ರಾತ್ರಿಯದ್ದು, ಆಮೇಲೆ ಪುಸ್ತಕದ್ದು. ಅವನು ಕೇಳಿಸಿಕೊಂಡ. "ನಿಮ್ಮಪ್ಪನ್ನ ಹೊಸಿಲಿಗೆ ಬಡಿಸಿದ್ದು ನಂಗೆ ನೆನಪದೆ. ನಮ್ಮಪ್ಪ ದಾರಿಮೇಲೆ ಅದನ್ನೇ ಹೇಳ್ತ ಇದ್ದ" ಎಂದ. ಪುಸ್ತಕದ ಬಗ್ಗೆ ಬಹಳ ಹೊತ್ತು ಏನೂ ಹೇಳಲಿಲ್ಲ. ಬಗ್ಗಿ ಒಂದು ತೆನೆ ಮುರಿದು, ಹಾಲು ತುಂಬಿದೆಯೋ ಎಂದು ಹಲ್ಲಲ್ಲಿ ಕಚ್ಚಿ ನೋಡಿ, "ಭೂಮಿ ಹುಣ್ಣಿಮೆಗೆ ಬನ್ನಿ" ಎಂದ.

ಭೂಮಣ್ಣಿ ಬುಟ್ಟಿ

ಶೀಗೆ ಹುಣ್ಣಿಮೆಯ ಹಿಂದಿನ ಸಂಜೆ ಹೋದೆ. ಜಗಲಿ ದಾಟಿ ಒಳಗೆ. ಮೂರು ಕೋಣೆ. ನಡುಮನೆಯ ಗೋಡೆಗೆ ಕೆಮ್ಮಣ್ಣು ಸಾರಿಸಿ ಅದರ ಮೇಲೆ ಚಿತ್ತಾರ. ಅಣ್ಣನ ಹೆಂಡತಿ ಬಾಗಿಲ ಬೆಳಕಿಗೆ ಕೂತು ಭೂಮಣ್ಣಿ ಬುಟ್ಟಿಗೆ ಕೊನೆಯ ಎಳೆ ಬರೆಯುತ್ತಿದ್ದರು. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ. ನಾರಿನ ತುದಿ ಜಜ್ಜಿ ಕೂದಲಷ್ಟು ಸಣ್ಣ ಮಾಡಿದ್ದರು. ಒಂದು ಎಳೆ ಎಳೆಯುವಾಗ ಉಸಿರು ಹಿಡಿಯುತ್ತಿದ್ದರು, ಮುಗಿದ ಮೇಲೆ ಬಿಡುತ್ತಿದ್ದರು. ಎಳೆಯ ಪಕ್ಕ ಎಳೆ, ನಡುವೆ ಅಷ್ಟೇ ಜಾಗ, ಎಲ್ಲೂ ಒಂದಕ್ಕೊಂದು ತಾಗದು. ಬುಟ್ಟಿಯ ಒಂದು ಬದಿಯಲ್ಲಿ ಭತ್ತದ ಸಸಿ, ಒಂದು ಬದಿಯಲ್ಲಿ ಏಣಿಯ ಹಾಗೆ ಒಂದು. ಅದೇನು ಎಂದು ಕೇಳಿದೆ. ಸಂಕ ಎಂದರು.

ರಾತ್ರಿಯಿಡೀ ಅಡುಗೆ. ಕಾಡಿನ, ಹಿತ್ತಲಿನ ಸೊಪ್ಪು ಬಗೆ ಬಗೆ ಸೇರಿಸಿ ಬೇಯಿಸಿದ ಹಚ್ಚಂಬಲಿ, ಕಡುಬು, ಬುತ್ತಿ. ಬಸಿರಿ ಭೂಮಿಗೆ ಬಯಕೆಯ ಊಟ. ಬೆಳಕು ಹರಿಯುವ ಮೊದಲು ಅಣ್ಣ ಬುಟ್ಟಿ ಹೊತ್ತು ಗದ್ದೆಗೆ ಇಳಿದ, ದೊಂದಿ ಹಿಡಿದು ಮಗ ಹಿಂದೆ, ನಾನು ಅವರ ಹಿಂದೆ. ಹಾಳಿಯ ಗುಂಟ ನಡೆಯುತ್ತ ಹಚ್ಚಂಬಲಿ ಬೀರುತ್ತ ಅವನು ಭೂಮಿತಾಯಿಯನ್ನು ಉಣ್ಣಲು ಕರೆದ. ಆ ದನಿ ಎದುರು ಬೆಟ್ಟಕ್ಕೆ ಬಡಿದು ತಿರುಗಿ ಬಂತು. ಇದನ್ನು ನಾನು ಪ್ರತಿ ವರ್ಷ ಹಾಸಿಗೆಯಲ್ಲಿ ಮಲಗಿ ಆ ದಡದಿಂದ ಕೇಳಿದವನು. ಆ ದಡ ಈಗ ನನ್ನೆದುರಿಗೆ ಕಪ್ಪಗೆ ನಿಂತಿತ್ತು, ನಮ್ಮ ಮನೆಯ ಜಗಲಿಯ ಬಲ್ಬು ಒಂದೇ ಉರಿಯುತ್ತಿತ್ತು. ಅವನೇ ಹಾಕಿದ ವೈರಿನದ್ದು.

ಗದ್ದೆಯಲ್ಲಿ ಪೂಜೆ ಮುಗಿಸಿ ಮನೆಗೆ ಬಂದು ಉಣ್ಣಲು ಕೂತೆವು, ನಡುಮನೆಯಲ್ಲಿ, ಚಿತ್ತಾರದ ಗೋಡೆಯ ಬುಡದಲ್ಲಿ. ಸ್ಟೀಲಿನ ತಟ್ಟೆ, ಕೆಸುವಿನ ಪಲ್ಯ, ಕಡುಬು, ಮೇಲೆ ತುಪ್ಪ. ಅಣ್ಣ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಉಂಡಾದ ಮೇಲೆ ತಟ್ಟೆ ಎತ್ತಿಕೊಂಡು ಹೊರಗೆ ಹೋದೆ, ಬಾವಿಕಟ್ಟೆಯ ಹತ್ತಿರ ಕೂತು ತೊಳೆಯಲು ಚೊಂಬು ಬಗ್ಗಿಸಿದೆ. ಅಣ್ಣನ ಹೆಂಡತಿ ಹಿಂದೆಯೇ ಬಂದು ತಟ್ಟೆಗೆ ಕೈ ಹಾಕಿದರು.

"ಕೊಡಿ ಇಲ್ಲಿ. ನಮ್ಮನೇಲಿ ಉಂಡೋರು ತಟ್ಟೆ ತೊಳೆಯೂದಿಲ್ಲ."

ತಟ್ಟೆ ಬಿಟ್ಟೆ. ಅವರು ನನ್ನ ಕೈಗೆ ನೀರು ಹುಯ್ದರು.